ಪರದೆಯ ಮೇಲೆ ಬಾರದ ಮನೆ

ಬೈಲಹೊಂಗಲದ ಬಜಾರದ ಹಿಂದಿನ ಓಣಿಯಲ್ಲಿ ಮೀನಾಳ ಆಫೀಸು. ಆಫೀಸು ಎಂದರೆ ಮನೆಯ ಮುಂದಿನ ಕೋಣೆಯೇ. ಹಿಂದೆ ಅಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಒಟ್ಟುತ್ತಿದ್ದರಂತೆ. ಈಗ ಉದ್ದನೆಯ ಮೇಜು, ಕಂಪ್ಯೂಟರು, ಬಂದವರಿಗೆ ಒಂದಷ್ಟು ಕುರ್ಚಿ, ಗೋಡೆಯ ತುಂಬ ಬಣ್ಣಬಣ್ಣದ ಮನೆಗಳ ಚಿತ್ರ. ಇನ್ನೂ ಬುನಾದಿ ತೋಡದ ಮನೆಯನ್ನು ಕಟ್ಟಿ ಮುಗಿಸಿದಂತೆ ಪರದೆಯ ಮೇಲೆ ತೋರಿಸುವುದು ಅವಳ ಕೆಲಸ. ಬಾಗಿಲು ತೆರೆದು ಒಳಗೆ ಹೋಗಬಹುದು, ಮೆಟ್ಟಿಲು ಹತ್ತಬಹುದು, ಕಿಟಕಿಯಲ್ಲಿ ನಿಂತು ಹೊರಗೆ ನೋಡಬಹುದು. ಅವಳ ಗಂಡ ಬಸವಲಿಂಗ ಆ ಮನೆಗಳನ್ನು ನಿಜವಾಗಿ ಕಟ್ಟಿಸುವವನು. ಅವನು ದಿನವಿಡೀ ಸೈಟಿನಲ್ಲಿ, ಇವಳು ಕಂಪ್ಯೂಟರಿನ ಮುಂದೆ.

ಅವತ್ತು ಅವನು ಕಿತ್ತೂರಿನಲ್ಲಿ ಒಂದು ಮನೆಯ ಸ್ಲ್ಯಾಬ್ ಹಾಕಿಸಲು ಬೆಳಿಗ್ಗೆಯೇ ಹೊರಟುಹೋಗಿದ್ದ. ಮೀನಾ ಕಂಪ್ಯೂಟರಿನ ಗುಂಡಿ ಒತ್ತಿ, ಕೋಣೆಯ ಕಸ ಹೊಡೆದು ಬಂದು ನೋಡಿದರೆ, ಪರದೆ ಬೇರೆಯೇ ಆಗಿತ್ತು. ಚಿತ್ರಗಳೆಲ್ಲ ಊದಿಕೊಂಡಿದ್ದವು. ಅಕ್ಷರಗಳು ದಪ್ಪಗೆ, ಅಂಚು ಹರಿದಂತೆ ಕಾಣುತ್ತಿದ್ದವು. ಬಣ್ಣಗಳು ಒಗೆದು ಒಗೆದು ಮಾಸಿದ ಬಟ್ಟೆಯ ಹಾಗೆ. ಮನೆ ತೋರಿಸುವ ಪ್ರೋಗ್ರಾಮು ತೆರೆದಳು. ಅದು ಅರೆಕ್ಷಣ ತೆರೆದು, ತಕ್ಕ ಗ್ರಾಫಿಕ್ಸ್ ಡ್ರೈವರ್ ಸಿಗುತ್ತಿಲ್ಲ ಎಂದು ಹೇಳಿ ಮುಚ್ಚಿಕೊಂಡಿತು.

ಆಗ ಅವಳಿಗೆ ಹಿಂದಿನ ಸಂಜೆ ನೆನಪಾಯಿತು. ಕಂಪ್ಯೂಟರ್ ಬಂದ್ ಮಾಡುವಾಗ ಅದು ಅಪ್‌ಡೇಟ್ ಬಂದಿದೆ ಎಂದಿತ್ತು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಹೂಂ ಎಂದು ಒತ್ತಿ ಒಳಗೆ ಓಡಿದ್ದಳು.

ಮಾವ ದುಂಡಪ್ಪ ಪೇಪರು ಹಿಡಿದು ಬಂದ. ಸವದತ್ತಿ, ರಾಮದುರ್ಗ, ಮುನವಳ್ಳಿ ಎಂದು ಈ ಸುತ್ತಿನ ಎಲ್ಲ ರಸ್ತೆಗಳಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು ಅವನು. ಬೆಳಿಗ್ಗೆ ಸೊಸೆಯ ಆಫೀಸಿನಲ್ಲಿ ಕೂತು ಪೇಪರು ಓದುವುದು ಅವನ ರೂಢಿ.

"ಯಾಕವಾ, ಮುಖಾ ಯಾಕ ಹಂಗ ಮಾಡಿ?" ಎಂದ.

"ಡ್ರೈವರ್ ಕೈ ಕೊಟ್ಟೇತ್ರಿ ಮಾವಾರ."

"ನಾ ಏನ್ ಮಾಡಿದ್ನಿ? ಈಗಷ್ಟ ಬಂದೇನಿ."

ಮೀನಾಳಿಗೆ ಆ ಹೊತ್ತಿನಲ್ಲೂ ನಗು ಬಂತು. "ನೀವಲ್ರಿ. ಇದರಾಗೊಂದು ಡ್ರೈವರ್ ಇರತೈತಿ. ಈ ಡಬ್ಬ್ಯಾಗ ಚಿತ್ರಾ ಬಿಡಿಸೂ ಕಾರ್ಡ್ ಐತಲ್ರಿ, ಅದನ್ನ ನಡಸೂದು ಅದ. ರಾತ್ರಿ ಅಪ್‌ಡೇಟ್ ಆಗೂ ಮುಂದ ಏನೋ ಆಗಿ ಹಾಳಾಗೇತಿ. ಗಾಡಿ ಛಲೋ ಐತಿ, ನಡಸಾವ್ರು ಇಲ್ಲ."

"ಹಂಗಾರ ಬದಲಿ ಡ್ರೈವರನ್ನ ಹಾಕು," ಎಂದು ದುಂಡಪ್ಪ ಪೇಪರು ಬಿಡಿಸಿದ. ಅವನಿಗೆ ಅದು ಅಷ್ಟು ಸರಳ.

ಅಷ್ಟರಲ್ಲಿ ಮೀನಾಳ ಫೋನು ಬಡಿದುಕೊಂಡಿತು. ನೇಸರಗಿಯ ರಾಮಲಿಂಗಪ್ಪ. ಕಬ್ಬು, ಕಡಲೆ, ಎರಡು ಎಮ್ಮೆ, ಊರ ನಡುವೆ ಹಳೆಯ ಮಾಳಿಗೆ ಮನೆ ಇದ್ದ ರೈತ. ಈಗ ಊರ ಹೊರಗಿನ ಪ್ಲಾಟಿನಲ್ಲಿ ಹೊಸ ಮನೆ ಕಟ್ಟಲು ಹೊರಟಿದ್ದ. ಅದರ ನಕ್ಷೆಗಾಗಿ ಅವನು ಹಲವು ಸಲ ಬಂದುಹೋಗಿದ್ದ, ಬಂದಾಗಲೆಲ್ಲ ಮನೆಗೆ ಒಂದೊಂದು ಸೇರಿಸಿದ್ದ. ಮೊದಲು ಮುಂದೆ ಎರಡು ದುಂಡು ಕಂಬ. ಆಮೇಲೆ ಕಂಬಗಳ ಹಿಂದೆ ಕಾರು ನಿಲ್ಲಿಸುವ ಜಾಗ. ಕಾರು ಅವನ ಬಳಿ ಇರಲಿಲ್ಲ. ಮನಿ ಆದಮ್ಯಾಲ ಕಾರು ತಾನ ಬರತೈತ್ರಿ ಎನ್ನುತ್ತಿದ್ದ. ಮರುದಿನ ಅವನ ಪ್ಲಾಟಿನಲ್ಲಿ ಬುನಾದಿಗೆ ಗೆರೆ ಹಾಕುವುದಿತ್ತು.

"ಮ್ಯಾಡಮ್ಮಾರ, ಬಸ್ ಹತ್ತೇವ್ರಿ," ಎಂದ ರಾಮಲಿಂಗಪ್ಪ, ಬಸ್ಸಿನ ಸದ್ದಿಗಿಂತ ಜೋರಾಗಿ. "ಮನಿಯಾಕಿನ್ನೂ ಕರಕೊಂಡ ಬರಾಕತ್ತೇನಿ. ಆಕಿ ಒಮ್ಮೆನೂ ನೋಡಿಲ್ಲ. ಇವತ್ತ ತೋರಸ್ರಿ, ನೋಡಿ ದಂಗ ಆಗಬೇಕು."

"ಬರ್ರಿ, ಬರ್ರಿ," ಎಂದಳು ಮೀನಾ. ಬೇರೆ ಏನು ಹೇಳುವುದೆಂದು ಹೊಳೆಯಲಿಲ್ಲ.

ಫೋನಿಟ್ಟು ಮೇಜಿಗೆ ಕೂತಳು. ಕಂಪ್ಯೂಟರಿನ ಒಳಗಿನ ಸಾಮಾನುಗಳ ಪಟ್ಟಿ ತೆರೆದಾಗ ಗ್ರಾಫಿಕ್ಸ್ ಕಾರ್ಡಿನ ಹೆಸರಿನ ಪಕ್ಕ ಹಳದಿ ತ್ರಿಕೋನ, ಅದರೊಳಗೊಂದು ಆಶ್ಚರ್ಯ ಚಿಹ್ನೆ. ಡ್ರೈವರ್ ಹೊಸದು ಮಾಡು ಎಂದು ಒತ್ತಿದಳು. ಕಂಪ್ಯೂಟರು ಸ್ವಲ್ಪ ಹುಡುಕಿದಂತೆ ಮಾಡಿ, ಇರುವುದರಲ್ಲೇ ಒಳ್ಳೆಯ ಡ್ರೈವರ್ ಈಗಾಗಲೇ ಇದೆ ಎಂದು ಉತ್ತರಿಸಿತು. ಎದುರಿಗೆ ಮಾಸಲು ಪರದೆ, ಕೆಳಗೆ ಆ ಮಾತು. ಮೀನಾಳ ಮೈ ಉರಿಯಿತು.

ಕಾರ್ಡು ತಯಾರಿಸಿದವರ ಜಾಲತಾಣಕ್ಕೇ ಹೋಗಿ ಹೊಸ ಡ್ರೈವರ್ ಇಳಿಸಲು ಹಚ್ಚಿದಳು. ದೊಡ್ಡ ಫೈಲು. ಎಷ್ಟು ಇಳಿಯಿತೆಂದು ತೋರಿಸುವ ಹಸಿರು ಪಟ್ಟಿ ಆಮೆಯಂತೆ ತೆವಳುತ್ತಿರುವಾಗ ಕಂಪ್ಯೂಟರ್ ಅಂಗಡಿಯ ಸುಭಾಸನಿಗೆ ಫೋನು ಹಚ್ಚಿದಳು. ಅವನು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

"ಸುಮ್ನ ಫಾರ್ಮ್ಯಾಟ್ ಹೊಡದ ಬಿಡೂಣ್ರಿ ಮ್ಯಾಡಮ್."

"ಯಾವಾಗ ಕೇಳಿದ್ರೂ ಅದನ್ನ ಹೇಳತೀರಲ್ರಿ. ಬ್ಯಾರೆ ಏನೂ ಬರೂದಿಲ್ಲೇನ್ರಿ ನಿಮಗ?"

"ಬರತೈತ್ರಿ. ಆದ್ರ ಅದೆಲ್ಲಾ ಫಾರ್ಮ್ಯಾಟ್ ಹೊಡದ ಮ್ಯಾಲ. ಡಬ್ಬಿ ತಂದಿಡ್ರಿ, ನಾಳೆ ಸಂಜಿಕ್ಕ ಒಯ್ರಿ."

ನಾಳೆ ಸಂಜೆಯ ಹೊತ್ತಿಗೆ ನೇಸರಗಿಯಲ್ಲಿ ಬುನಾದಿ ತೋಡಿ ಆಗಿರುತ್ತಿತ್ತು. ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಪ್ರೋಗ್ರಾಮುಗಳನ್ನು ಕೂರಿಸುವುದೆಂದರೆ ವಾರದ ಕೆಲಸ. "ನಾ ನೋಡತೇನಿ ಬಿಡ್ರಿ" ಎಂದು ಮೀನಾ ಫೋನಿಟ್ಟಳು.

ಫೈಲು ಇಳಿಯಿತು. ತೆರೆದಳು. ಹಸಿರು ಪಟ್ಟಿ ಅರ್ಧದವರೆಗೆ ಚುರುಕಾಗಿ ಹೋಯಿತು, ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂತು, ಅಷ್ಟರಲ್ಲೇ ಇನ್‌ಸ್ಟಾಲ್ ಆಗಲಿಲ್ಲ ಎಂಬ ಕೆಂಪು ಗುರುತು. ಕಾರಣ ಏನೆಂದು ಅದು ಹೇಳಲಿಲ್ಲ.

ಅದೇ ಹೊತ್ತಿಗೆ ಬಾಗಿಲಲ್ಲಿ ರಾಮಲಿಂಗಪ್ಪ ಬಂದು ನಿಂತ. ಬಿಳಿ ಅಂಗಿಯ ಇಸ್ತ್ರಿ ಬಸ್ಸಿನಲ್ಲಿ ಮುರಿದಿತ್ತು. ಅವನ ಹಿಂದೆ ಅವನ ಹೆಂಡತಿ ಶಟ್ಟೆವ್ವ, ಕಂಕುಳಲ್ಲಿ ಹಸಿ ಕಡಲೆಯ ಒಂದು ದೊಡ್ಡ ಹೊರೆ. ಎತ್ತರದ, ಮಾತು ಕಡಿಮೆ ಇದ್ದ ಹೆಂಗಸು. ಹೊರೆಯನ್ನು ಮೇಜಿನ ಬದಿಗಿಟ್ಟು, "ಹೊಲದಾಗಿಂದು. ತಿನ್ರಿ ತಂಗಿ," ಎಂದು ಕುರ್ಚಿಯ ಅಂಚಿಗೆ ಕೂತಳು.

ಮೀನಾ ಸುತ್ತಿ ಬಳಸದೆ ಹೇಳಿಬಿಟ್ಟಳು. "ಕಂಪ್ಯೂಟರ್ ಕೆಟ್ಟೇತ್ರಿ. ರಿಪೇರಿ ಮಾಡಾಕತ್ತೇನಿ. ಸ್ವಲ್ಪ ಹೊತ್ತು ಕುಂದರ್ರಿ."

ರಾಮಲಿಂಗಪ್ಪನ ಮುಖ ಇಳಿಯಿತು. ದಾರಿಯುದ್ದಕ್ಕೂ ಹೆಂಡತಿಗೆ ಆ ಮನೆಯ ವರ್ಣನೆ ಮಾಡಿಕೊಂಡು ಬಂದಿದ್ದನೆಂದು ತೋರುತ್ತದೆ. ಆದರೂ, "ಇರ್ಲಿ ಬಿಡ್ರಿ, ಏನ್ ಅವಸರಿಲ್ಲ," ಎಂದು ಗೋಡೆಯ ಮೇಲಿನ ಮಂದಿಯ ಮನೆಗಳನ್ನು ತೋರಿಸತೊಡಗಿದ. "ಇದರಕಿಂತ ನಮ್ಮದು ಎತ್ತರ ಐತಿ. ಇದಕ್ಕ ನೋಡು ಕಂಬಿಲ್ಲ."

ದುಂಡಪ್ಪ ಒಳಗಿಂದ ಚಹಾ ತಂದುಕೊಟ್ಟ. ಮೀನಾ ಕಾಗದದ ಮೇಲೆ ಮುದ್ರಿಸಿದ ನಕ್ಷೆಯನ್ನು ಶಟ್ಟೆವ್ವನ ಕೈಗೆ ಕೊಟ್ಟು, ಅಲ್ಲೀತನಕ ಇದನ್ನರ ನೋಡ್ರಿ ಅಂದಳು. ಶಟ್ಟೆವ್ವ ಗೆರೆಗಳ ಮೇಲೆ ಬೆರಳಾಡಿಸಿದಳು.

"ಇದು ಗ್ವಾಡಿ ಏನ್ರಿ?"

"ಹೂಂರಿ. ಇಲ್ಲಿ ಗೆರಿ ಕಡದೈತಲ್ರಿ, ಅದು ಬಾಗಲಾ."

"ಹೌದಾ," ಎಂದು ಆಕೆ ಮತ್ತಷ್ಟು ಹೊತ್ತು ನೋಡಿದಳು. "ಆದ್ರ ಇದರಾಗ ನಾ ಎಲ್ಲಿ ನಿಂತಿರತೇನಿ ಅನ್ನೂದ ತಿಳಿವಲ್ದು."

"ಬರ್ರಿ, ನಾ ನಿಂದರಸತೇನಿ," ಎಂದ ದುಂಡಪ್ಪ. ಸುಮ್ಮನೆ ಕೂತು ಅವನಿಗೂ ಬೇಸರ ಬಂದಿತ್ತು. ಬಚ್ಚಲ ಒಲೆಯ ಬೂದಿ ತುಂಬಿದ ಡಬ್ಬಿಯನ್ನು ಎತ್ತಿಕೊಂಡು, ನಕ್ಷೆಯನ್ನು ಬಗಲಿಗೆ ಸಿಕ್ಕಿಸಿ, ಗಂಡ ಹೆಂಡತಿ ಇಬ್ಬರನ್ನೂ ಪಕ್ಕದ ಖಾಲಿ ಜಾಗಕ್ಕೆ ಕರೆದುಕೊಂಡು ಹೋದ.

ಕೋಣೆ ಖಾಲಿಯಾದದ್ದು ಮೀನಾಳಿಗೆ ಒಳ್ಳೆಯದೇ ಆಯಿತು. ಹಾಳಾದ ಡ್ರೈವರನ್ನು ತೆಗೆದುಹಾಕಿ, ಕಂಪ್ಯೂಟರನ್ನು ಒಮ್ಮೆ ಬಂದ್ ಮಾಡಿ ತೆರೆದು, ಮತ್ತೆ ಹೊಸದನ್ನು ಹಾಕಲು ಹಚ್ಚಿದಳು. ಪಟ್ಟಿ ಹೊರಟಿತು. ಇನ್ನು ಕಾಯುವುದಷ್ಟೇ. ಕಿಟಕಿಯಿಂದ ಹೊರಗೆ ನೋಡಿದಳು.

ದುಂಡಪ್ಪ ಬೂದಿ ಚೆಲ್ಲುತ್ತ ನೆಲದ ಮೇಲೆ ಮನೆ ಬಿಡಿಸುತ್ತಿದ್ದ. ಅಳತೆಗೆ ಅವನ ಬಳಿ ಟೇಪು ಇರಲಿಲ್ಲ, ಆದರೆ ಬಸ್ಸು ಇತ್ತು. "ಹಾಲ್ ಅಂದ್ರ ಅರ್ಧಾ ಬಸ್ಸು ಅಂತ ತಿಳಕೋರಿ. ಮುಂದಿನ ಬಾಗಲದಿಂದ ಹಿಂದಿನ ಬಾಗಲದ ತನಕ," ಎಂದು ನಡೆದು ತೋರಿಸುತ್ತಿದ್ದ. ರಾಮಲಿಂಗಪ್ಪ ನಕ್ಷೆ ಹಿಡಿದು, ಇನ್ನ ಸ್ವಲ್ಪ ಈ ಕಡೆ, ಕಂಬಾ ಇಲ್ಲಿ ಬರಬೇಕು, ಎಂದು ಕೂಗುತ್ತಿದ್ದ. ಕಂಬಗಳ ಜಾಗಕ್ಕೆ ಎರಡು ಕಲ್ಲು ಉರುಳಿಸಿಕೊಂಡು ಬಂದ. ಶಟ್ಟೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೆರೆ ತುಳಿಯದಂತೆ ಬಾಗಿಲಿನ ಸಂದಿಯಿಂದಲೇ ಒಳಗೆ ಹೋದಳು. ಹಾಲ್ ದಾಟಿದಳು, ಮಲಗುವ ಕೋಣೆ ನೋಡಿದಳು, ಆಮೇಲೆ ಅಡಿಗೆಮನೆಯಲ್ಲಿ ನಿಂತಳು. ನಿಂತವಳು ನಿಂತೇಬಿಟ್ಟಳು.

ಮೀನಾ ಹೊರಗೆ ಬಂದಳು.

"ಇಷ್ಟ?" ಎಂದು ಶಟ್ಟೆವ್ವ ಕೇಳುತ್ತಿದ್ದಳು.

"ಇಷ್ಟ ಅಂದ್ರ?" ಎಂದ ರಾಮಲಿಂಗಪ್ಪ. "ಇಬ್ಬರಿಗೆ ಅಡಗಿ ಮಾಡಾಕ ಇನ್ನೇನು ಮೈದಾನಾ ಬೇಕನ ನಿನಗ?"

ಶಟ್ಟೆವ್ವ ಬೂದಿಯ ಚೌಕದ ನಡುವೆ ಒಂದು ಮಂಡಿ ಮಡಚಿ ಕೂತಳು. ಎದುರಿಗೆ ರೊಟ್ಟಿ ಬಡಿಯುವ ಪರಾತ ಇದ್ದಂತೆ, ಬದಿಗೆ ಹಿಟ್ಟು ಇದ್ದಂತೆ, ಆಚೆ ಒಲೆ ಇದ್ದಂತೆ ಜಾಗ ನೋಡಿಕೊಂಡಳು. ಆಮೇಲೆ ಕೈಯೆತ್ತಿ ಖಾಲಿ ನೆಲದ ಮೇಲೆ ರೊಟ್ಟಿ ಬಡಿಯತೊಡಗಿದಳು. ತಿರುಗಿಸಿ ತಿರುಗಿಸಿ, ಮುಂದಕ್ಕೆ ಬಾಗಿ, ರೊಟ್ಟಿ ದೊಡ್ಡದಾದಂತೆ ಕೈ ಅಗಲಿಸಿ. ಒಂದು ಹಂತಕ್ಕೆ ಬಂದು ಕೈ ಹಾಗೇ ನಿಲ್ಲಿಸಿದಳು.

"ನೋಡ್ರಿ. ನನ್ನ ಮೊಣಕೈ ಹಾಲ್‌ನ್ಯಾಗ ಬಂತು."

ನಿಜವೇ. ಅವಳ ಮೊಣಕೈ ಬೂದಿಯ ಗೆರೆಯ ಆಚೆಗಿತ್ತು. ದುಂಡಪ್ಪ ಗಟ್ಟಿಯಾಗಿ ನಕ್ಕ. ರಾಮಲಿಂಗಪ್ಪ ನಗಲಿಲ್ಲ.

"ಇನ್ನ ಬಾಯವ್ವ ಎಲ್ಲಿ ಕುಂದರಬೇಕು? ಗುರವ್ವ ಎಲ್ಲಿ? ನೀಲಾ ಎಲ್ಲಿ?" ಎಂದು ಶಟ್ಟೆವ್ವ ಕೇಳಿದಳು.

ಆ ಮೂವರು ಯಾರೆಂದು ಮೀನಾಳಿಗೆ ಮಾತಿನಲ್ಲೇ ತಿಳಿಯಿತು. ಶಟ್ಟೆವ್ವ ಮತ್ತು ಓಣಿಯ ಆ ಮೂವರು ಸೇರಿ ವರ್ಷಗಳಿಂದ ಕಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕಳಿಸುತ್ತಿದ್ದರು. ರಾಮಲಿಂಗಪ್ಪ ಇಷ್ಟು ಸಲ ಬಂದರೂ ಈ ವಿಷಯ ಎತ್ತಿರಲಿಲ್ಲ.

"ಹೊಸಾ ಮನ್ಯಾಗೂ ರೊಟ್ಟಿ ಯಾಕ?" ಎಂದ ಅವನು. ದನಿಯಲ್ಲಿ ಸಿಟ್ಟಿಗಿಂತ ಅಚ್ಚರಿ ಹೆಚ್ಚಿತ್ತು. "ಇಷ್ಟ ವರ್ಷ ಹೊಗಿ ಕುಡದಿ, ಸಾಕು. ನಿನಗ ಆರಾಮ ಆಗ್ಲಿ ಅಂತ ಕಟ್ಟಾಕತ್ತೇನಿ."

"ಆರಾಮ ಬೇಕು ಅಂತ ನಾ ಯಾವಾಗ ಅಂದ್ನಿ?"

"ಕೇಳೂದೇನೈತಿ ಅದರಾಗ? ಯಾರಿಗೆ ಬ್ಯಾಡ ಆರಾಮ?"

"ಕೇಳಿದ್ರ ಹೇಳತಿದ್ನಿ." ಶಟ್ಟೆವ್ವ ಎದ್ದು ನಿಂತು, ಮುಂದಿನ ಎರಡು ಕಲ್ಲುಗಳ ಕಡೆ ಕೈ ಮಾಡಿದಳು. "ನಿಮ್ಮ ಕಾರಿಗೆ ಅಷ್ಟ ದೊಡ್ಡ ಜಾಗಾ ಇಟ್ಟೀರಿ. ಕಾರು ಇನ್ನೂ ಹುಟ್ಟೇ ಇಲ್ಲ. ನಾವು ನಾಕು ಮಂದಿ ಹುಟ್ಟಿ ಎಷ್ಟ ವರ್ಷ ಆತು?"

ರಾಮಲಿಂಗಪ್ಪ ನಕ್ಷೆಯನ್ನು ದುಂಡಪ್ಪನ ಕೈಗೆ ತುರುಕಿ, ಸರಸರ ನಡೆದುಹೋಗಿ ಅದೇ ಕಾರಿನ ಜಾಗದಲ್ಲಿ, ಎರಡು ಕಲ್ಲುಗಳ ನಡುವೆ, ರಸ್ತೆಯ ಕಡೆ ಮುಖ ಮಾಡಿ ನಿಂತುಬಿಟ್ಟ. ಮುನಿಸು ಬಂದರೂ ತನ್ನ ಮನೆಯಿಂದ ಹೊರಗೆ ಮಾತ್ರ ಹೋಗಲಿಲ್ಲ.

ಜಗಳವನ್ನು ಅವರಿಗೇ ಬಿಟ್ಟು ಮೀನಾ ಒಳಗೆ ಬಂದಳು. ಒಳಗೆ ಮತ್ತದೇ ಕೆಂಪು ಗುರುತು. ಇನ್‌ಸ್ಟಾಲ್ ಆಗಲಿಲ್ಲ.

ಅವಳಿಗೆ ಅಳು ಬಂದಂತಾಯಿತು. ಹೊರಗೆ ಒಂದು ಬೂದಿ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ನಿಂತಿದ್ದಾರೆ. ಒಳಗೆ ತನ್ನ ಮನೆ ಪರದೆಗೆ ಬರಲೊಲ್ಲದು. ಬಸವಲಿಂಗನಿಗೆ ಫೋನು ಮಾಡಿ ನಾಳೆಯ ಕೆಲಸ ಮುಂದೆ ಹಾಕಲು ಹೇಳಲೇ ಎಂದುಕೊಂಡಳು. ಫೋನು ಕೈಗೆತ್ತಿಕೊಂಡು ಮತ್ತೆ ಇಟ್ಟಳು. ಇನ್ನೊಂದು ಸಲ ಹಚ್ಚೋಣ, ಈ ಸಲ ಎದ್ದು ಹೋಗುವುದಿಲ್ಲ, ಪಟ್ಟಿ ಎಲ್ಲಿ ನಿಲ್ಲುತ್ತದೆ ನೋಡಿಯೇಬಿಡೋಣ ಎಂದು ನಿರ್ಧರಿಸಿದಳು.

ಪಟ್ಟಿ ಹೊರಟಿತು. ಅದರ ಪಕ್ಕದಲ್ಲೇ ಕಂಪ್ಯೂಟರಿನ ಅಪ್‌ಡೇಟ್ ಪುಟವನ್ನೂ ತೆರೆದಿಟ್ಟುಕೊಂಡಳು, ಸುಮ್ಮನೆ, ಬೇರೆ ಏನಾದರೂ ನಡೆಯುತ್ತಿದೆಯೇ ಎಂದು. ಹಸಿರು ಪಟ್ಟಿ ಅರ್ಧಕ್ಕೆ ಬಂದಾಗ ಆ ಪುಟದಲ್ಲಿ ಒಂದು ಸಾಲು ಮೂಡಿತು. ಅದೇ ಕಾರ್ಡಿನ ಹೆಸರು. ಡ್ರೈವರ್ ಡೌನ್‌ಲೋಡ್ ಆಗುತ್ತಿದೆ. ತಾರೀಖು ನೋಡಿದರೆ ಹಿಂದಿನ ವರ್ಷದ್ದು. ಪರದೆ ಕಪ್ಪಾಯಿತು, ಬಂತು, ಕೆಂಪು ಗುರುತು ಮೂಡಿತು.

ಮೀನಾ ಮೇಜು ಗುದ್ದಿದಳು. "ಸಿಕ್ತು ನೋಡ್ರಿ ಮಾವಾರ!"

ದುಂಡಪ್ಪ ಹೊರಗಿನ ಬಿಗುವು ತಾಳಲಾರದೆ ಅಷ್ಟರಲ್ಲಿ ಒಳಗೆ ಬಂದು ಕೂತಿದ್ದ. "ಏನ್ ಸಿಕ್ತು?"

"ನಾ ಹೊಸಾ ಡ್ರೈವರನ್ನ ಕುಂದರಸಾಕತ್ತೇನಿ. ಅದ ಹೊತ್ತಿಗೆ ಕಂಪ್ಯೂಟರ್ ತಂದ ತಾನ ಹೋಗಿ ಒಂದು ಹಳಿ ಡ್ರೈವರನ್ನ ಕರಕೊಂಡ ಬಂದು ಅದ ಸೀಟಿನ ಮ್ಯಾಲ ಕುಂದರಸಾಕತ್ತೇತಿ. ಎರಡೂ ಗುದ್ದಾಡಿ ಎರಡೂ ಬೀಳಾಕತ್ತಾವು."

"ಇಬ್ಬರು ಸ್ಟೇರಿಂಗ್ ಹಿಡದ್ರ ಗಾಡಿ ನಡಿಯೂದು ಹೆಂಗ? ಹಳ್ಳಾ ಸೇರತೈತಿ," ಎಂದ ದುಂಡಪ್ಪ, ತನಗೆ ಪೂರ್ತಿ ತಿಳಿದವನಂತೆ.

ಈಗ ಮಾಡಬೇಕಾದದ್ದು ಅವಳಿಗೆ ಸ್ಪಷ್ಟವಾಗಿತ್ತು. ಎರಡನ್ನೂ ಬೇರು ಸಹಿತ ತೆಗೆಯಬೇಕು, ಕಂಪ್ಯೂಟರು ಮತ್ತೊಂದನ್ನು ತರದಂತೆ ತಡೆಯಬೇಕು, ಆಮೇಲೆ ತನ್ನದನ್ನು ಕೂರಿಸಬೇಕು. ಹಳೆಯ ಡ್ರೈವರಿನ ಚೂರುಪಾರು ಗುಡಿಸಿ ತೆಗೆಯುವ ಒಂದು ಸಣ್ಣ ಪ್ರೋಗ್ರಾಮು ಇಳಿಸಿಕೊಂಡಳು. ಅದಾದ ಮೇಲೆ ಮೇಜಿನ ಕೆಳಗೆ ಬಗ್ಗಿ ಇಂಟರ್‌ನೆಟ್ಟಿನ ವೈರನ್ನು ಕಿತ್ತು ಪಕ್ಕಕ್ಕಿಟ್ಟಳು. ಶಿಫ್ಟ್ ಕೀಲಿ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ತೆರೆದಳು. ಕಪ್ಪು ಪರದೆ, ಮೂಲೆಗಳಲ್ಲಿ ಬಿಳಿ ಅಕ್ಷರ, ಅತ್ಯಗತ್ಯದ್ದಷ್ಟೇ ಎದ್ದಿತ್ತು. ಗುಡಿಸುವ ಕೆಲಸ ಶುರುವಾಯಿತು.

ಶಟ್ಟೆವ್ವ ಒಳಗೆ ಬಂದು ಈ ಸಲ ಮೀನಾಳ ಪಕ್ಕದ ಕುರ್ಚಿಗೇ ಕೂತಳು. ಕಡಲೆಯ ಹೊರೆಯಿಂದ ಒಂದು ಹಿಡಿ ಗಿಡ ಕಿತ್ತು, ಕಾಯಿ ಸುಲಿದು ಸುಲಿದು ಮೀನಾಳ ಮುಂದಿಡುತ್ತ ಹೋದಳು.

"ಭಾಳ ತ್ರಾಸ ಆತೇನ್ರಿ ತಂಗಿ ನಮ್ಮಿಂದ?"

"ನಿಮ್ಮಿಂದಲ್ರಿ ಅಕ್ಕಾರ. ಇದರಿಂದ."

"ನಮ್ಮವರು ಕೆಟ್ಟವರಲ್ರಿ," ಎಂದಳು ಶಟ್ಟೆವ್ವ, ಯಾರೋ ಹಾಗೆಂದಂತೆ. "ನನ್ನ ಸಲುವಾಗೇ ಕಟ್ಟಾಕತ್ತಾರ, ನನಗ ಗೊತ್ತೈತಿ. ಆದ್ರ ನೋಡ್ರಿ, ಮುಂಜಾನೆದ್ದು ನಾಕು ಮಂದಿ ಕುಂತು ರೊಟ್ಟಿ ಬಡಿಯೂ ಮುಂದ ಊರಾಗಿನ ಸುದ್ದಿ ಎಲ್ಲಾ ನಮ್ಮ ಹಂತ್ಯಾಕ ಬರತೈತಿ. ಬಾಯವ್ವ ಹಾಡ ಅಂತಾಳ. ನೀಲಾ ಎಲ್ಲಾರ ದನಿ ತಗದು ತೋರಸತಾಳ, ನಕ್ಕ ನಕ್ಕ ಹೊಟ್ಟಿ ನೋಯತೈತಿ. ಆ ಹೊಸಾ ಮನ್ಯಾಗ ನಾ ಒಬ್ಬಾಕೆ ಕುಂತು ಫರಸಿ ನೆಲಾ ಒರಸಲ್ಯಾ?"

ಮೀನಾಳಿಗೆ ತಾನು ಪರದೆಯ ಮೇಲೆ ಮಾಡಿಟ್ಟಿದ್ದ ಅಡಿಗೆಮನೆ ಕಣ್ಣಿಗೆ ಬಂತು. ಹೊಳೆಯುವ ಕಪಾಟು, ಕಪ್ಪು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಒಂದು ಬುಟ್ಟಿ ಸೇಬು. ರೊಟ್ಟಿಯ ಹಂಚು ಇಡಲು ಅಲ್ಲಿ ಎಡೆಯೇ ಇರಲಿಲ್ಲ. "ನನಗ ಗೊತ್ತಿದ್ದಿಲ್ರಿ," ಎಂದಳು.

"ನಿಮಗ ಹೆಂಗ ಗೊತ್ತಾಗಬೇಕು? ನಾ ಬಂದಿದ್ದಿಲ್ಲಲ್ಲ."

ಕಂಪ್ಯೂಟರು ಗುಡಿಸಿ ಮುಗಿಸಿ ತಾನೇ ಬಂದ್ ಆಗಿ ತೆರೆದುಕೊಂಡಿತು. ಮತ್ತೆ ಮಾಸಲು ಪರದೆ. ಆದರೆ ಸಾಮಾನುಗಳ ಪಟ್ಟಿ ತೆರೆದು ನೋಡಿದರೆ ಹಳದಿ ತ್ರಿಕೋನ ಹೋಗಿತ್ತು, ಡ್ರೈವರಿನ ಸೀಟು ಖಾಲಿ. ಮೀನಾ ಹೊಸ ಡ್ರೈವರಿನ ಫೈಲು ತೆರೆದಳು. ಪಟ್ಟಿ ಹೊರಟಿತು. ಅರ್ಧಕ್ಕೆ ಬಂತು. ಮೀನಾ ಬಾಯಲ್ಲಿದ್ದ ಕಡಲೆಯನ್ನು ಅಗಿಯುವುದನ್ನು ನಿಲ್ಲಿಸಿದಳು. ಪರದೆ ಕಪ್ಪಾಯಿತು. ಬರಲಿಲ್ಲ. ಇನ್ನೂ ಬರಲಿಲ್ಲ.

"ಹೋತೇನ್ರಿ?" ಎಂದು ಶಟ್ಟೆವ್ವ ಪಿಸುಗುಟ್ಟಿದಳು.

ಆಗ ಒಮ್ಮೆಲೇ ಪರದೆ ಬೆಳಗಿತು. ಚಿತ್ರಗಳು ಸಣ್ಣಗಾದವು, ಅಕ್ಷರಗಳು ಗೀರಿದಂತೆ ಚೊಕ್ಕವಾದವು, ಹಿನ್ನೆಲೆಯ ಹಸಿರು ಹೊಲ ಹಸಿರಾಯಿತು. ಪಟ್ಟಿ ಕೊನೆ ಮುಟ್ಟಿ, ಮುಗಿಯಿತು ಎಂದಿತು.

"ಬಂತ್ರೀ!" ಎಂದು ಮೀನಾ ಕೂಗಿದ್ದು ಓಣಿಗೆಲ್ಲ ಕೇಳಿಸಿರಬೇಕು. ಹೊರಗೆ ಕಲ್ಲುಗಳ ನಡುವೆ ನಿಂತಿದ್ದ ರಾಮಲಿಂಗಪ್ಪನಿಗಂತೂ ಕೇಳಿಸಿತು. ಅವನು ಚಪ್ಪಲಿ ಬಿಟ್ಟು, ಯಾರ ಮುಖವನ್ನೂ ನೋಡದೆ ಬಂದು, ಹೆಂಡತಿಯಿಂದ ಒಂದು ಕುರ್ಚಿ ಬಿಟ್ಟು ಕೂತ. ಮೀನಾ ಎಚ್ಚರಿಕೆಗೆಂದು ಇಂಟರ್‌ನೆಟ್ಟಿನ ವೈರನ್ನು ಇನ್ನೂ ಚುಚ್ಚಿರಲಿಲ್ಲ. ಪ್ರೋಗ್ರಾಮು ತೆರೆದಳು. ಮನೆ ಬಂತು.

ಬಿಳಿ ಗೋಡೆ, ಎರಡು ದುಂಡು ಕಂಬ, ಮುಂದೆ ರಸ್ತೆ, ಮೇಲೆ ನೀಲಿ ಆಕಾಶ. ಶಟ್ಟೆವ್ವ ಬಾಯಿ ತೆರೆದು ನೋಡಿದಳು.

"ಇದು ನಮ್ಮದಾ?"

"ಮತ್ಯಾರದು?" ಎಂದ ರಾಮಲಿಂಗಪ್ಪ. ಬಿಗಿದ ಮುಖ ಸ್ವಲ್ಪ ಸಡಿಲಾಯಿತು.

"ಕಂಬಾ ಚಂದ ಅದಾವ್ರಿ," ಎಂದಳು ಆಕೆ. ಮೆಚ್ಚಿಸಲು ಹೇಳಿದ ಮಾತಲ್ಲ. ಬಾಗಿ ಹತ್ತಿರದಿಂದ ನೋಡುತ್ತಿದ್ದಳು. "ಭಾಳ ಚಂದ ಅದಾವು."

ರಾಮಲಿಂಗಪ್ಪ ಆ ಖಾಲಿ ಕುರ್ಚಿಗೆ ಸರಿದು ಕೂತ. ಮೀನಾ ಬಾಗಿಲು ತೆರೆದು ಒಳಗೆ ಕರೆದೊಯ್ದಳು. ಹಾಲ್, ಮೆಟ್ಟಿಲು, ದೇವರ ಕೋಣೆ. ಕೊನೆಗೆ ಅಡಿಗೆಮನೆ. ಸೇಬಿನ ಬುಟ್ಟಿ ಥಳಥಳ ಹೊಳೆಯುತ್ತಿತ್ತು. ಮೀನಾ ತಾನಾಗಿ ಏನೂ ಹೇಳಬಾರದೆಂದು ಮೌಸಿನಿಂದ ಕೈ ತೆಗೆದಳು. ದುಂಡಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ.

ರಾಮಲಿಂಗಪ್ಪ ಗಂಟಲು ಸರಿಮಾಡಿಕೊಂಡ. "ಮ್ಯಾಡಮ್ಮಾರ, ಮತ್ತ ಮುಂದಕ್ಕ ಹೋಗ್ರಿ. ಹೊರಗ."

ಕಂಬಗಳು ಮತ್ತೆ ಬಂದವು.

"ಕಂಬಾ ಅಲ್ಲೇ ಇರ್ಲಿ. ಕಂಬದ ಹಿಂದ ಕಾರಿನ ಜಾಗಾ ಐತಲ್ರಿ, ಅದಕ್ಕ ಸುತ್ತ ಗ್ವಾಡಿ ಏರಿಸಿದ್ರ ಹೆಂಗಾಕ್ಕೈತಿ?"

ಮೀನಾ ಗೋಡೆ ಎಬ್ಬಿಸಿದಳು. ಒಂದು ಕಡೆ ಬಾಗಿಲು, ಪೂರ್ವಕ್ಕೆ ಕಿಟಕಿ, ಮೇಲೆ ಹೊಗೆ ಹೋಗಲು ಚಿಮಣಿ. ಒಳಗೆ ನಾಲ್ಕು ಒಲೆ, ನಾಲ್ಕು ಪರಾತ. ಪರಾತದ ಚಿತ್ರ ಅವಳ ಬಳಿ ಇರಲಿಲ್ಲ. ಸಿಕ್ಕ ದುಂಡು ತಟ್ಟೆಗಳನ್ನೇ ದೊಡ್ಡದು ಮಾಡಿ ಇಟ್ಟಳು. ಸಾಕಷ್ಟು ಜಾಗ ಉಳಿದಿತ್ತು. ಯಾರ ಮೊಣಕೈಯೂ ಎಲ್ಲಿಗೂ ತಾಗುವಂತಿರಲಿಲ್ಲ.

"ಕಾರು?" ಎಂದು ಶಟ್ಟೆವ್ವ ಮೆಲ್ಲಗೆ ಕೇಳಿದಳು.

"ಹುಟ್ಟಿದಾಗ ನೋಡೂಣು," ಎಂದ ರಾಮಲಿಂಗಪ್ಪ. ಆಮೇಲೆ ಕಂಬಗಳನ್ನು ಇನ್ನೊಮ್ಮೆ ನೋಡಿ ಎದೆಯುಬ್ಬಿಸಿ, "ಕಂಬಿದ್ದ ರೊಟ್ಟಿ ಮನಿ ನೇಸರಗ್ಯಾಗ ಯಾರದರ ಐತೇನು? ಬೆಳಗಾವ್ಯಾಗೂ ಇರಾಕಿಲ್ಲ," ಎಂದ.

ಶಟ್ಟೆವ್ವ ನಕ್ಕಳು. ಅವಳು ನಗುವುದನ್ನು ಮೀನಾ ನೋಡಿದ್ದು ಅದೇ ಮೊದಲು. ಮುಖ ಪೂರ್ತಿ ಬೇರೆಯಾಗಿಬಿಡುತ್ತಿತ್ತು. ಆದರೆ ಕೂಡಲೇ ಗಂಭೀರಳಾಗಿ ಕಿಟಕಿಯ ಕಡೆ ಬೆರಳು ಮಾಡಿದಳು. "ಇಲ್ಲಿಂದ ಮುಂಜಾನಿ ಬಿಸಲಾ ಬರತೈತೇನ್ರಿ?"

"ನೋಡೂಣ್ರಿ." ಪರದೆಯ ಕೆಳಗೆ ಹೊತ್ತು ಬದಲಿಸುವ ಒಂದು ಗುಂಡಿ ಇತ್ತು. ಮೀನಾ ಅದನ್ನು ಬೆಳಗಿನ ಹೊತ್ತಿಗೆ ತಂದಳು. ಕಿಟಕಿಯಿಂದ ಬಿಸಿಲು ಉದ್ದಕ್ಕೆ ಒಳಗೆ ಬಂದು, ಒಂದು ಒಲೆಯ ಹಿಂದೆ, ಸರಿಯಾಗಿ ಕೂರುವವರ ಮುಖದ ಮೇಲೆ ಬಿತ್ತು.

"ಅಯ್ಯ, ಗುರವ್ವನ ಕಣ್ಣಿಗೆ ಹೊಡಿತೈತಿ. ಆಕಿಗೆ ಮದ್ಲ ಸಿಟ್ಟ ಭಾಳ," ಎಂದಳು ಶಟ್ಟೆವ್ವ. "ಕಿಟಕಿ ಸ್ವಲ್ಪ ಮ್ಯಾಲ ಏರಸ್ರಿ."

"ನೀವ ಏರಸ್ರಿ ಅಕ್ಕಾರ. ಇದನ್ನ ಒತ್ತಿ ಹಿಡೀರಿ, ಮ್ಯಾಲಕ್ಕ ಜಗ್ರಿ."

ಶಟ್ಟೆವ್ವ ಮೌಸು ಹಿಡಿದಳು. ಮೊದಲು ಕಿಟಕಿ ಚಾವಣಿ ದಾಟಿ ಆಕಾಶಕ್ಕೆ ಹೋಯಿತು. ದುಂಡಪ್ಪ ಪೇಪರು ಇಳಿಸಿ, ಬ್ರೇಕ್ ಹಿಡೀರಿ, ಬ್ರೇಕ್ ಹಿಡೀರಿ ಎಂದ. ಎರಡನೆಯ ಸಲ ಕಿಟಕಿ ಕೂರಬೇಕಾದಲ್ಲಿ ಕೂತಿತು. ಬಿಸಿಲು ಎದುರು ಗೋಡೆಗೆ ಸರಿಯಿತು. ಆಮೇಲೆ ಆಕೆಗೆ ಅದು ರುಚಿ ಹತ್ತಿಬಿಟ್ಟಿತು. ಸೂರ್ಯನನ್ನು ಮಧ್ಯಾಹ್ನಕ್ಕೆ ತಂದಳು, ಇಳಿಹೊತ್ತಿಗೆ ಒಯ್ದಳು, ಮತ್ತೆ ಬೆಳಿಗ್ಗೆಗೆ ತಿರುಗಿಸಿದಳು. ರಾಮಲಿಂಗಪ್ಪ ಪಕ್ಕದಲ್ಲಿ ಕೂತು ಹೆಂಡತಿಯ ಕೈಯನ್ನೇ ನೋಡುತ್ತಿದ್ದ.

ಮೀನಾ ಬಸವಲಿಂಗನಿಗೆ ಫೋನು ಹಚ್ಚಿದಳು. ಅತ್ತ ಕಾಂಕ್ರೀಟ್ ಯಂತ್ರದ ಗದ್ದಲ.

"ನಾಳೆ ಗೆರಿ ಹಾಕೂದೈತಿ, ಇವತ್ತ ನಕ್ಷಾ ಬದಲೀನ?" ಎಂದು ಅವನು ಕೂಗಿದ. "ಏನ್ ಹುಡುಗಾಟಕಿ ಹಚ್ಚೀರಿ?"

"ಇವತ್ತ ಬದಲಿ ಮಾಡಿದ್ರ ಬರೇ ಬೂದಿ ಹೋಗತೈತ್ರಿ. ನಾಳೆ ಮಾಡಿದ್ರ ಸಿಮೆಂಟ್ ಹೋಗತೈತಿ."

ಅವನಿಗೆ ಬೂದಿಯ ವಿಷಯ ತಿಳಿಯಲಿಲ್ಲ. ಆದರೆ ಮೀನಾಳ ದನಿಯ ಖುಷಿ ತಿಳಿಯಿತೇನೋ, "ಆತು, ಸಂಜೀಕ ಬಂದು ನೋಡತೇನಿ," ಎಂದ.

ಮೀನಾ ಫೋನಿಟ್ಟು ಬಂದು, ಹೊಸ ನಕ್ಷೆಯನ್ನು ಮುದ್ರಣಕ್ಕೆ ಹಾಕಲು ಮೌಸು ಕೇಳಿದಳು. ಶಟ್ಟೆವ್ವ ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟಳು.

"ಒಂದ ನಿಮಿಷ ತಡೀರಿ ಮ್ಯಾಡಮ್ಮಾರ," ಎಂದ ರಾಮಲಿಂಗಪ್ಪ. ಹೆಂಡತಿಯ ಕಡೆ ತಿರುಗಿದ. "ಮತ್ತೇನರ ಹೇಳೂದೈತೇನು? ಇದ್ರ ಈಗ ಹೇಳಿಬಿಡು."

ಶಟ್ಟೆವ್ವ ಪರದೆಯ ಮೇಲಿನ ಮನೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು. ಕುರ್ಚಿಯ ಅಂಚಿನಿಂದ ಹಿಂದಕ್ಕೆ ಸರಿದು ಆರಾಮಾಗಿ ಕೂತಳು.

"ಐತ್ರಿ," ಎಂದಳು. "ತಂಗಿ, ಮದಲ ಬಚ್ಚಲಾ ಯಾವ ಕಡೆ ಇಟ್ಟೀರಿ ತೋರಸ್ರಿ. ಆಮ್ಯಾಲ ಹಿತ್ತಲಾ."

ರಾಮಲಿಂಗಪ್ಪ ಅಂಗಿಯ ತೋಳು ಮಡಚಿಕೊಂಡು ದುಂಡಪ್ಪನನ್ನು ನೋಡಿದ.

"ಕಾಕಾರ, ಇನ್ನೊಂದೊಂದು ಕಪ್ ಚಾ ಸಿಗತೈತೇನ್ರಿ?"